ಚಕ್ರ ಮಡಚಿಕೊಂಡು ಕಡಲಿಗಿಳಿಯುವುದು

ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಏರ್‌ಬಸ್ ಎ320 ವಿಮಾನಗಳನ್ನು ಹಲವು ವರ್ಷ ಹಾರಿಸಿದವನು ನಾನು. ಹೊರಟ ಕೆಲವೇ ನಿಮಿಷಗಳಲ್ಲಿ ತೀರ ಹಿಂದೆ ಸರಿದು, ಆಮೇಲೆ ಬಹುದೂರದವರೆಗೆ ಕೆಳಗೆ ಅರಬ್ಬೀ ಸಮುದ್ರವೊಂದೇ ಕಾಣುವ ಹಾದಿ ಅದು. ಅಲ್ಲಿ ನೀರಿನ ಮೇಲೆ ಇಳಿಯಬೇಕಾದ ಪ್ರಸಂಗ ನನಗೆ ಎಂದೂ ಒದಗಲಿಲ್ಲ. ಆದರೆ ಪೈಲಟ್‌ಗಳ ತರಬೇತಿಗೆಂದು ಹಾರಾಟವನ್ನು ನೆಲದ ಮೇಲೇ ಅನುಕರಿಸುವ ಯಂತ್ರವಾದ ಸಿಮ್ಯುಲೇಟರ್‌ನಲ್ಲಿ ಇಳಿದಿದ್ದೇನೆ, ಮತ್ತು ಮೊದಲ ಸಲ ಇಳಿದ ರೀತಿಯಲ್ಲಿ ನಿಜವಾದ ವಿಮಾನವಾಗಿದ್ದರೆ ಹಿಂಭಾಗದಲ್ಲಿ ಕುಳಿತವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿದೆ.

ಅಂದು ಬೋಧಕರು 10,000 ಅಡಿ ಎತ್ತರದಲ್ಲಿ ಎರಡೂ ಎಂಜಿನ್‌ಗಳನ್ನು ಆರಿಸಿದರು. ಎಂಜಿನ್ ಇಲ್ಲದ ಎ320 ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಎರಡೂವರೆ ನಾಟಿಕಲ್ ಮೈಲಿ ತೇಲಿಕೊಂಡು ಸಾಗುತ್ತದೆ. ಅಂದರೆ ನನ್ನ ಕೈಯಲ್ಲಿದ್ದದ್ದು 25 ಮೈಲಿ. ತೀರ ಇದ್ದದ್ದು 60 ಮೈಲಿ ದೂರದಲ್ಲಿ. ಲೆಕ್ಕ ಅಷ್ಟು ಸ್ಪಷ್ಟವಾಗಿದ್ದರೂ ಮನಸ್ಸು ಎಂಜಿನ್‌ಗಳನ್ನು ಬಿಡಲೊಪ್ಪಲಿಲ್ಲ. ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್ ಆದ ಎಪಿಯು ಚಾಲೂ ಮಾಡಿ ವಿದ್ಯುತ್ ಉಳಿಸಿಕೊಂಡೆ, ಅದು ಸರಿಯೇ. ಆದರೆ ಅದಾದ ಮೇಲೂ ಎಂಜಿನ್‌ಗಳನ್ನು ಮತ್ತೆ ಹೊತ್ತಿಸುವ ಯತ್ನದಲ್ಲೇ ಮುಳುಗಿದ್ದು, ನೀರಿಗೆ ಸಿದ್ಧವಾಗುವ ಕೆಲಸಗಳನ್ನು ಕೊನೆಯ ಸಾವಿರ ಅಡಿಗೆ ತಂದುಕೊಂಡೆ. ಹೊಟ್ಟೆಯ ಭಾಗದ ತೆರಪುಗಳನ್ನು ಮುಚ್ಚುವ ಡಿಚಿಂಗ್ ಬಟನ್ ಒತ್ತುವುದು, ಚಕ್ರಗಳು ಒಳಗೇ ಇವೆಯೆಂದು ಖಚಿತಪಡಿಸಿಕೊಳ್ಳುವುದು, ಕ್ಯಾಬಿನ್ ಸಿಬ್ಬಂದಿಗೆ ತಿಳಿಸುವುದು ಎಲ್ಲವೂ ಒಂದರ ಮೇಲೊಂದು ಬಿದ್ದವು.

ಕೊನೆಗೆ ಸೋತದ್ದು ಎತ್ತರದ ಅಂದಾಜಿನಲ್ಲಿ. ರನ್‌ವೇ ಮೇಲೆ ಇಳಿಯುವಾಗ ಅಂಚಿನ ದೀಪಗಳು, ಪಟ್ಟಿಯ ಅಗಲ, ಪಕ್ಕದ ಮರಗಳು ಎಲ್ಲವೂ ಸೇರಿ ನೆಲ ಎಷ್ಟು ಹತ್ತಿರವಿದೆ ಎಂಬುದನ್ನು ಕಣ್ಣಿಗೆ ಹೇಳುತ್ತಿರುತ್ತವೆ. ಬರಿ ನೀರಿಗೆ ಅಂಥ ಅಳತೆಗೋಲಿಲ್ಲ. ನಾನು ಬೇಗನೆ ಮೂಗೆತ್ತಿದೆ. ವಿಮಾನ ಅಲ್ಲೇ ತೇಲಿ ವೇಗ ಕಳೆದುಕೊಂಡು ಧೊಪ್ಪನೆ ಕುಸಿಯಿತು. ಬೋಧಕರು ತೋರಿಸಿದ ಇಳಿತದ ದರ ನಿಮಿಷಕ್ಕೆ 900 ಅಡಿ. ಈ ಮಾದರಿಯ ವಿಮಾನ ನೀರಿಗಿಳಿಯುವುದನ್ನು ಪ್ರಮಾಣೀಕರಿಸುವಾಗ ಲೆಕ್ಕಕ್ಕೆ ಹಿಡಿದದ್ದು ಸೆಕೆಂಡಿಗೆ ಮೂರೂವರೆ ಅಡಿ, ಎಂದರೆ ನಿಮಿಷಕ್ಕೆ ಸುಮಾರು 210 ಅಡಿ. 2009ರ ಜನವರಿ 15ರಂದು ನ್ಯೂಯಾರ್ಕ್‌ನ ಹಡ್ಸನ್ ನದಿಯಲ್ಲಿ ಕ್ಯಾಪ್ಟನ್ ಸಲೆನ್‌ಬರ್ಗರ್ ಇಳಿಸಿದ ಎ320 ಸೆಕೆಂಡಿಗೆ ಹನ್ನೆರಡೂವರೆ ಅಡಿ, ಎಂದರೆ ನಿಮಿಷಕ್ಕೆ 750 ಅಡಿ ದರದಲ್ಲಿ ನೀರಿಗೆ ತಾಗಿತು. 155 ಜನರೂ ಉಳಿದರು, ಆದರೆ ವಿಮಾನದ ಹಿಂಭಾಗದ ತಳ ಹರಿದು ನೀರು ನುಗ್ಗಿತು. ಎರಡೂ ಎಂಜಿನ್‌ಗಳು ಸೋತ ಮೇಲೆ ಅವರ ಕೈಗೆ ಸಿಕ್ಕಿದ್ದು 208 ಸೆಕೆಂಡು. ನನಗೆ ಅದಕ್ಕಿಂತ ಹೆಚ್ಚು ಸಮಯವಿತ್ತು.

ಆ ರಾತ್ರಿ ನಾನು ಮತ್ತೆ ಓದಿದ್ದು 1956ರ ಅಕ್ಟೋಬರ್ 16ರಂದು ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ವಿಮಾನವೊಂದು ಕಡಲಿಗಿಳಿದ ಘಟನೆಯನ್ನು. ಹೊನೊಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ, ನಾಲ್ಕು ಎಂಜಿನ್‌ಗಳ ಬೋಯಿಂಗ್ ಸ್ಟ್ರಾಟೋಕ್ರೂಸರ್‌ನ ಒಂದನೆಯ ಎಂಜಿನ್‌ನ ಪ್ರೊಪೆಲರ್ ಪೆಸಿಫಿಕ್ ಸಾಗರದ ನಡುವೆ ಹತೋಟಿ ತಪ್ಪಿ ತಿರುಗತೊಡಗಿತು. ಬಳಿಕ ನಾಲ್ಕನೆಯ ಎಂಜಿನ್ ಕೂಡ ಸೋತಿತು. ಹಿಂದಕ್ಕೂ ಮುಂದಕ್ಕೂ ನೆಲ ಮುಟ್ಟುವ ದಾರಿಯಿರಲಿಲ್ಲ. ಕ್ಯಾಪ್ಟನ್ ರಿಚರ್ಡ್ ಆಗ್ ಅವಸರಪಡಲಿಲ್ಲ. ಅಮೆರಿಕದ ಕರಾವಳಿ ಕಾವಲು ಪಡೆಯ ಪಾಂಟ್‌ಚಾರ್ಟ್ರೇನ್ ಹಡಗಿನ ಮೇಲೆ, ಉಳಿದ ಎರಡು ಎಂಜಿನ್‌ಗಳ ಬಲದಲ್ಲಿ, ಬೆಳಗಾಗುವವರೆಗೆ ಸುತ್ತು ಹಾಕುತ್ತ ಇಂಧನ ಕರಗಿಸಿ ಭಾರ ಇಳಿಸಿಕೊಂಡರು. ಹಿಂದಿನ ವರ್ಷ ಒರೆಗಾನ್ ತೀರದಾಚೆ ಇದೇ ಮಾದರಿಯ ವಿಮಾನ ನೀರಿಗಿಳಿದಾಗ ಬಾಲ ಮುರಿದಿತ್ತು; ಅದನ್ನು ನೆನಪಿಟ್ಟು ಹಿಂದಿನ ಆಸನದವರನ್ನೆಲ್ಲ ಮುಂದಕ್ಕೆ ಕೂರಿಸಿದರು. ಹಡಗಿನವರು ನೀರಿನ ಮೇಲೆ ನೊರೆಯ ಪಟ್ಟಿಯೊಂದನ್ನು ಹಾಸಿದರು, ಪೈಲಟ್‌ಗೆ ಎತ್ತರ ಅಂದಾಜಾಗಲೆಂದು. ನಾನು ಸೋತ ಜಾಗಕ್ಕೇ ಹಾಸಿದ ಪಟ್ಟಿ ಅದು. ಬಾಲ ಈ ಸಲವೂ ಮುರಿಯಿತು, ಆದರೆ ಅಲ್ಲಿ ಯಾರೂ ಇರಲಿಲ್ಲ. 31 ಜನರೂ ಬದುಕಿದರು. ಬಲವಿರುವಾಗಲೇ, ಬೆಳಕಿರುವಾಗಲೇ, ತಾನು ಆರಿಸಿಕೊಂಡ ಕ್ಷಣದಲ್ಲಿ ಇಳಿಯುವ ಆ ನಿರ್ಧಾರವನ್ನು ನಾನು ಪೈಲಟ್ ಒಬ್ಬನ ಅತ್ಯುತ್ತಮ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ಮರುದಿನ ಸಿಮ್ಯುಲೇಟರ್‌ನಲ್ಲಿ ಅದೇ ಪರೀಕ್ಷೆ ಮತ್ತೆ ಎದುರಾದಾಗ, 3,000 ಅಡಿಗೆ ಬಂದೊಡನೆ ಎಂಜಿನ್‌ಗಳ ಆಸೆ ಬಿಟ್ಟೆ. ಲೈಫ್ ಜಾಕೆಟ್ ತೊಡಿರಿ, ಬಾಗಿಲು ದಾಟುವವರೆಗೆ ಗಾಳಿ ತುಂಬಬೇಡಿ ಎಂದು ಪ್ರಯಾಣಿಕರಿಗೆ ನಾನೇ ಹೇಳಿದೆ. 1996ರಲ್ಲಿ ಅಪಹರಣಕ್ಕೊಳಗಾಗಿ ಇಂಧನ ಮುಗಿದು ಕೊಮೊರೋಸ್ ದ್ವೀಪದ ಬಳಿ ಕಡಲಿಗೆ ಬಿದ್ದ ಇಥಿಯೋಪಿಯನ್ ವಿಮಾನದಲ್ಲಿ ಒಳಗೇ ಗಾಳಿ ತುಂಬಿಕೊಂಡ ಹಲವರು, ನೀರು ಏರಿದಂತೆ ಚಾವಣಿಗೆ ಒತ್ತಿಕೊಂಡು ಹೊರಬರಲಾಗದೆ ಸತ್ತರು. ಆ ವಿಮಾನದ ಎಡ ರೆಕ್ಕೆ ಮೊದಲು ನೀರಿಗೆ ತಾಗಿತ್ತು. ಆದ್ದರಿಂದ ನನ್ನ ಕಣ್ಣು ರೆಕ್ಕೆಗಳು ಸಮನಾಗಿರುವುದರ ಮೇಲೂ ಇತ್ತು. ಹೊರಗೆ ನೋಡಿ ಎತ್ತರ ಊಹಿಸುವುದನ್ನು ಬಿಟ್ಟು, ಕೆಳಗಿನ ಮೇಲ್ಮೈಯಿಂದ ಎತ್ತರವನ್ನು ರೇಡಿಯೋ ಅಲೆಗಳಿಂದ ಅಳೆಯುವ ರೇಡಿಯೋ ಆಲ್ಟಿಮೀಟರ್ ಕೂಗುವ ಅಂಕಿಗಳನ್ನು ಕೇಳುತ್ತ ಮೂಗನ್ನು ನಿಧಾನವಾಗಿ 11 ಡಿಗ್ರಿಗೆ ತಂದು ಅಲ್ಲೇ ಹಿಡಿದೆ. ಇಳಿತದ ದರ 300 ಅಡಿಗೆ ಬಂತು.

ಸಿಮ್ಯುಲೇಟರ್ ಕಲಿಸದ ಒಂದು ಸಂಗತಿಯಿದೆ. ಅಲ್ಲಿನ ಕಡಲು ಹಾಸುಗಲ್ಲಿನಂತೆ ಸಪಾಟು. ನಾನು ಕುಂದಾಪುರದ ಕಡಲ ದಂಡೆಯಲ್ಲಿ ಬೆಳೆದವನು. ಆಯಾ ಹೊತ್ತಿನ ಗಾಳಿ ಎಬ್ಬಿಸುವ ಸಣ್ಣ ಅಲೆಗಳು ಒಂದು ದಿಕ್ಕಿಗೆ ಓಡುತ್ತಿದ್ದರೂ ದೂರದ ಬಿರುಗಾಳಿ ಕಳಿಸಿದ ದೊಡ್ಡ ತೆರೆಗಳು ಬೇರೆಯೇ ದಿಕ್ಕಿನಿಂದ ಬರಬಹುದೆಂದು ಬಲ್ಲೆ. ಗಾಳಿ ತೀರ ಬಲವಾಗಿಲ್ಲದಿದ್ದರೆ ಆ ದೊಡ್ಡ ತೆರೆಗಳ ಉದ್ದಕ್ಕೆ ಸಮಾನಾಂತರವಾಗಿ ಇಳಿಯಬೇಕು. ಅಡ್ಡಗಾಳಿಯಾದರೂ ಸರಿ, ತೆರೆಯ ಮುಖಕ್ಕೆ ಹಾಯಬಾರದು. ಅಂದಿನಿಂದ ಮಂಗಳೂರು ಬಿಟ್ಟು ಕಡಲ ಮೇಲೆ ಏರುವಾಗ ತೆರೆಗಳ ಸಾಲು ಯಾವ ಕಡೆಗಿದೆ ಎಂದು ಕಿಟಕಿಯಿಂದ ನೋಡಿಕೊಳ್ಳುತ್ತಿದ್ದೆ. ಹೊರಡುವ ಮುಂಚೆ ಸಹಪೈಲಟ್‌ಗೆ ಒಂದು ಮಾತು ಹೇಳುತ್ತಿದ್ದೆ: 3,000 ಅಡಿ ಬಂದಾಗ ನೀವು ಕೂಗಿ ಹೇಳಿ, ಅದಕ್ಕಿಂತ ಕೆಳಗೆ ನಾನು ಎಂಜಿನ್‌ಗಳ ಕಡೆ ಕೈ ಚಾಚಿದರೆ ತಡೆಯಿರಿ.