ಬಿಸಿಯಾಗದ ಮೇಲಿನ ಓವನ್: ಜೋಡಿ ಓವನ್ ದುರಸ್ತಿಯ ನನ್ನ ಅನುಭವ

ನ್ಯೂಜೆರ್ಸಿಯ ನಮ್ಮ ಅಡುಗೆಮನೆಯ ಗೋಡೆಯೊಳಗೆ ಒಂದರ ಮೇಲೊಂದು ಕೂರಿಸಿದ ಜೋಡಿ ಓವನ್ ಇದೆ. ಇಲ್ಲಿನ ನಮ್ಮವರ ಬಹಳಷ್ಟು ಮನೆಗಳಲ್ಲಿ ಇರುವಂತೆ ಕೆಳಗಿನದರಲ್ಲಿ ಬಾಣಲೆ, ತವಾಗಳು ತುಂಬಿರುತ್ತವೆ. ಮೇಲಿನದರಲ್ಲಿ ಚಳಿಗಾಲವಿಡೀ ದೀಪ ಹಾಕಿ ದೋಸೆಹಿಟ್ಟು ಹುದುಗಲು ಇಡುತ್ತೇವೆ. ಒಂದು ರಾತ್ರಿ ಹಿಟ್ಟು ಉಕ್ಕಿ ತಳದಲ್ಲೆಲ್ಲ ಹರಡಿತ್ತು, ಅದನ್ನು ಗಮನಿಸದೆ ಮರುದಿನ ಓವನ್ ಹಚ್ಚಿದ್ದರಿಂದ ಅದು ಕರಕಲಾಗಿ ಅಂಟಿಕೊಂಡಿತು. ಕೆರೆದು ಸುಸ್ತಾಗಿ, ಒಳಭಾಗವನ್ನು ಸುಮಾರು 480 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕೊಳೆಯನ್ನು ಬೂದಿ ಮಾಡುವ ಸೆಲ್ಫ್ ಕ್ಲೀನ್ ಗುಂಡಿಯನ್ನು ಒತ್ತಿದೆ. ತಳವೇನೋ ಸ್ವಚ್ಛವಾಯಿತು.

ಆ ದಿನದಿಂದ ಮೇಲಿನ ಓವನ್ ಬಿಸಿಯಾಗುತ್ತಿಲ್ಲ ಎಂಬುದು ನಮಗೆ ತಿಳಿದದ್ದು ಎರಡು ವಾರಗಳ ನಂತರ, ಮಗಳ ಹುಟ್ಟುಹಬ್ಬದ ಕೇಕು ನಲವತ್ತು ನಿಮಿಷವಾದರೂ ನೀರುನೀರಾಗಿಯೇ ಉಳಿದಾಗ. ಅಲ್ಲಿಯವರೆಗೂ ಗಡಿಯಾರ ನಡೆಯುತ್ತಿತ್ತು, ದೀಪ ಉರಿಯುತ್ತಿತ್ತು, ಹಿಟ್ಟು ಎಂದಿನಂತೆ ಹುದುಗುತ್ತಿತ್ತು. ಮೋಸ ಹೋಗುವುದು ಇಲ್ಲಿಯೇ. ನಮ್ಮೂರಿನಲ್ಲಿ ಮನೆಗೆ ಬರುವುದು 230 ವೋಲ್ಟಿನ ಒಂದೇ ಫೇಸ್. ಅಮೆರಿಕದ ಮನೆಗಳಿಗೆ 120 ವೋಲ್ಟಿನ ಎರಡು ತಂತಿಗಳು ಬರುತ್ತವೆ, ಅವೆರಡರ ನಡುವೆ 240 ವೋಲ್ಟ್ ಸಿಗುತ್ತದೆ. ದೀಪಕ್ಕೆ 120 ಸಾಕು, ಕಾಯಿಸುವ ಎಲಿಮೆಂಟಿಗೆ 240 ಬೇಕು. ಆದ್ದರಿಂದ ಒಂದು ತಂತಿಯಲ್ಲಿ ಸರಬರಾಜು ನಿಂತರೂ ಓವನ್ ಜೀವಂತವಾಗಿಯೇ ಕಾಣುತ್ತದೆ.

ಬ್ರೇಕರನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಏರಿಸಿದೆ, ಪ್ರಯೋಜನವಾಗಲಿಲ್ಲ. ಬಂದ ರಿಪೇರಿಯವರು ಐದು ನಿಮಿಷ ನೋಡಿ, ಓವನನ್ನು ನಿಯಂತ್ರಿಸುವ ಕಂಟ್ರೋಲ್ ಬೋರ್ಡ್ ಹೋಗಿದೆ, ಆರುನೂರು ಡಾಲರ್ ಆಗುತ್ತದೆ ಎಂದರು. ಮೀಟರನ್ನು ಚೀಲದಿಂದ ಹೊರಗೆ ತೆಗೆಯದೆಯೇ ಹೇಳಿದ ಮಾತಾದ್ದರಿಂದ, ಎಂದೋ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ್ದ ನನಗೆ ಅದನ್ನು ಒಪ್ಪಲು ಮನಸ್ಸಾಗಲಿಲ್ಲ.

ಜೋಡಿ ಓವನ್ನಿನಲ್ಲಿ ಒಂದು ದೊಡ್ಡ ಅನುಕೂಲವಿದೆ: ಕೆಟ್ಟದ್ದರ ಪಕ್ಕದಲ್ಲೇ ಸರಿಯಿರುವುದೊಂದು ಕುಳಿತಿರುತ್ತದೆ. ಬಾಣಲೆಗಳನ್ನೆಲ್ಲ ಹೊರಗಿಟ್ಟು ಕೆಳಗಿನ ಓವನ್ ಹಚ್ಚಿದಾಗ ಅದು ಎಂದಿನಂತೆ ಕಾಯ್ದದ್ದರಿಂದ, 240 ವೋಲ್ಟ್ ಒಳಗೆ ಬರುತ್ತಿದೆ ಎಂಬುದು ಖಚಿತವಾಯಿತು. ನಂತರ ಬ್ರೇಕರ್ ಇಳಿಸಿ, 'ಮುಟ್ಟಬೇಡಿ' ಎಂದು ಕಾಗದ ಅಂಟಿಸಿದೆ. ಮಕ್ಕಳಿಗೆ ಕನ್ನಡ ಓದಲು ಬಾರದೆಂದು ನೆನಪಾಗಿ ಅದರ ಕೆಳಗೆ ಇಂಗ್ಲಿಷಿನಲ್ಲೂ ಬರೆದೆ. ಒಳಗಿನ ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಪೆನ್ಸಿಲಿನಂಥ ತಾಪದ ಸೆನ್ಸರನ್ನು ಹೊರಗೆಳೆದು ಅದರ ವಿದ್ಯುತ್ ರೋಧವನ್ನು ಅಳೆದಾಗ ಮೇಲಿನದು 1083 ಓಮ್, ಕೆಳಗಿನದು 1085 ಓಮ್ ತೋರಿಸಿದವು. ಮನೆಯೊಳಗಿನ 21 ಡಿಗ್ರಿಯಲ್ಲಿ ಇರಬೇಕಾದದ್ದೂ ಅಷ್ಟೇ. ತಳದ ಎಲಿಮೆಂಟ್ 22 ಓಮ್ ಇತ್ತು, ಅಂದರೆ ಸುಮಾರು 2600 ವಾಟ್. ಮೇಲ್ಛಾವಣಿಯ ಬ್ರಾಯ್ಲ್ ಎಲಿಮೆಂಟ್ 17 ಓಮ್. ಎರಡೂ ಸುಟ್ಟಿರಲಿಲ್ಲ, ಆದರೂ ಎರಡೂ ಕಾಯುತ್ತಿರಲಿಲ್ಲ. ಹಾಗಾದರೆ ತೊಂದರೆ ಇರುವುದು ಎರಡಕ್ಕೂ ವಿದ್ಯುತ್ ಹಾದುಹೋಗುವ ದಾರಿಯಲ್ಲಿ: ಎಲಿಮೆಂಟಿಗೆ ವಿದ್ಯುತ್ ಬಿಡುವ ಬೋರ್ಡಿನ ಸ್ವಿಚ್ಚಾದ ರಿಲೇಯಲ್ಲಿ, ಇಲ್ಲವೇ ಮಿತಿಮೀರಿ ಕಾಯ್ದಾಗ ವಿದ್ಯುತ್ ಕಡಿಯುವ ಹಿಂಬದಿಯ ಥರ್ಮಲ್ ಕಟ್‌ಔಟಿನಲ್ಲಿ.

ಕಟ್‌ಔಟ್ ನೋಡಲು ಇಡೀ ಓವನನ್ನೇ ಹೊರತೆಗೆಯಬೇಕು, ಅದರ ತೂಕವೋ ಹೆಚ್ಚುಕಡಿಮೆ ನೂರು ಕಿಲೋ. ಬಾಗಿಲುಗಳನ್ನೂ ಜಾಲರಿ ತಟ್ಟೆಗಳನ್ನೂ ಮೊದಲೇ ಕಳಚಿ ಭಾರ ಇಳಿಸಿಕೊಂಡು, ಗೂಡಿನ ಮಟ್ಟಕ್ಕೆ ಸರಿಯಾಗಿ ಮುಂದುಗಡೆ ಹಲಗೆಗಳನ್ನು ಪೇರಿಸಿ, ಪಕ್ಕದ ಮನೆಯವರನ್ನು ಕರೆದು, ಇಬ್ಬರೂ ಸೇರಿ ಅದನ್ನು ಹಲಗೆಯ ಮೇಲೆ ಮೆಲ್ಲಗೆ ಜಾರಿಸಿದೆವು. ಹಿಂದಿನ ತಂತಿಯ ಕೊಳವೆ ಎಳೆದುಕೊಳ್ಳದಂತೆ ನನ್ನ ಹೆಂಡತಿ ಟಾರ್ಚ್ ಹಿಡಿದು ನೋಡುತ್ತಿದ್ದಳು. ವಿದ್ಯುತ್ ಇಲ್ಲವೆಂದು ಮೀಟರಿನಿಂದ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಹಿಂಬದಿಯ ತಗಡು ಬಿಚ್ಚಿದೆ.

ನಮ್ಮ ಮಾದರಿಯಲ್ಲಿ ಪ್ರತಿ ಓವನ್ನಿಗೂ ಬೇರೆ ಕಟ್‌ಔಟ್ ಇದೆ: ನಾಣ್ಯದಷ್ಟೇ ಅಗಲದ ಬಿಲ್ಲೆ, ಅದಕ್ಕೆ ಎರಡು ತಂತಿ. ಕೆಳಗಿನದು ಸೊನ್ನೆ ಓಮ್ ತೋರಿಸಿತು, ಅಂದರೆ ವಿದ್ಯುತ್ತಿನ ದಾರಿ ತುಂಡಾಗಿರಲಿಲ್ಲ. ಮೇಲಿನದಕ್ಕೆ ಮೀಟರಿನ ಕಡ್ಡಿ ಮುಟ್ಟಿಸಿದರೆ ಮೀಟರ್ ಅಲುಗಲೇ ಇಲ್ಲ, ಒಳಗೆ ದಾರಿ ಕಡಿದುಹೋಗಿತ್ತು. ಕೆಲವು ಕಟ್‌ಔಟ್‌ಗಳಲ್ಲಿ ಒತ್ತಿ ಸರಿಪಡಿಸುವ ಗುಂಡಿ ಇರುತ್ತದೆ, ಇದರಲ್ಲಿ ಇರಲಿಲ್ಲ. ಅಷ್ಟಕ್ಕೇ ಸಂತೋಷಪಟ್ಟು ಮುಚ್ಚಿದ್ದರೆ ಹೊಸದೂ ಕೆಲವೇ ದಿನಗಳಲ್ಲಿ ಹೋಗುತ್ತಿತ್ತು. ಅಲ್ಲೇ ಇದ್ದ ತಂಪುಗಾಳಿಯ ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಒಗ್ಗರಣೆಯ ಎಣ್ಣೆ ಹಬೆಯೂ ಧೂಳೂ ಸೇರಿ ಎಸಳುಗಳ ನಡುವೆ ಕಂಬಳಿಯಂತೆ ಮೆತ್ತಿಕೊಂಡಿದ್ದವು. ಗಾಳಿಯಾಡದೆ ಹಿಂಬದಿ ಮಿತಿಮೀರಿ ಕಾಯ್ದದ್ದರಿಂದಲೇ ಕಟ್‌ಔಟ್ ಕಡಿದುಕೊಂಡಿತ್ತು.

ಎರಡು ತಂತಿಗಳನ್ನು ನೇರವಾಗಿ ಜೋಡಿಸಿ ಓವನ್ ಕಾಯುತ್ತದೆಯೇ ಎಂದು ನೋಡುವ ಆಸೆ ಬಂತು, ಆದರೆ ಬೆಂಕಿ ತಡೆಯಲೆಂದೇ ಇಟ್ಟಿರುವ ಬಿಲ್ಲೆಯನ್ನು ಬಿಟ್ಟು ಓವನ್ ಹಚ್ಚುವುದು ಸರಿಯೆನಿಸಲಿಲ್ಲ. ಹಳೆಯದರ ಮೇಲಿದ್ದ ಸಂಖ್ಯೆಯನ್ನೇ ಕೊಟ್ಟು ಮೂವತ್ತು ಡಾಲರಿಗೆ ಹೊಸದನ್ನು ತರಿಸಿದೆ. ಅದು ಬರುವಷ್ಟರಲ್ಲಿ ಫ್ಯಾನನ್ನು ಬ್ರಷ್ಷಿನಿಂದ ಉಜ್ಜಿ, ಸಲೀಸಾಗಿ ತಿರುಗುವಂತೆ ಮಾಡಿಟ್ಟೆ. ಜೋಡಿಸಿ ಹಚ್ಚಿದಾಗ ಹದಿಮೂರು ನಿಮಿಷದಲ್ಲಿ 350 ಫ್ಯಾರನ್‌ಹೀಟ್ ತಲುಪಿತು.

ಈಗ ದೋಸೆಹಿಟ್ಟಿನ ಪಾತ್ರೆಯ ಕೆಳಗೆ ಅಗಲವಾದ ತಟ್ಟೆ ಇಡುತ್ತೇವೆ, ಸೆಲ್ಫ್ ಕ್ಲೀನ್ ಗುಂಡಿಯ ಗೊಡವೆಗೆ ಹೋಗುವುದಿಲ್ಲ. ಓವನ್ ಹಚ್ಚಿದಾಗಲೆಲ್ಲ, ಫ್ಯಾನಿನ ಗಾಳಿ ಹೊರಬೀಳುವ ಬಾಗಿಲ ಮೇಲಿನ ಸಂದಿಗೆ ಒಮ್ಮೆ ಅಂಗೈ ಒಡ್ಡಿ ನೋಡುತ್ತೇನೆ.