ಹತ್ತು, ಹದಿನೈದು, ಇಪ್ಪತ್ತು: ಋತುವಿನ ಮೊದಲ ಟ್ರೌಟ್‌ಗಳು

ಚಳಿಗಾಲ ಕಳೆದು ಟ್ರೌಟ್ ಮೀನು ಹಿಡಿಯುವ ಋತು ತೆರೆದ ಹೊಸತರಲ್ಲಿ ಜಲಾಶಯದ ದಡಕ್ಕೆ ಬಂದವರೆಲ್ಲ ಮೊದಲು ತೆರೆಯುವುದು ಫ್ಲೈಗಳ, ಅಂದರೆ ಹುಳುವಿನಂತೆ ಕಾಣಲು ಕೊಕ್ಕೆಗೆ ನೂಲು, ಗರಿ ಸುತ್ತಿ ಕಟ್ಟಿದ ಗಾಳಗಳ, ಪೆಟ್ಟಿಗೆಯನ್ನು. ನಾನು ಮೊದಲು ನೀರಿಗಿಳಿಸುವುದು ಥರ್ಮಾಮೀಟರನ್ನು. ಆ ದಿನ ಅದು ಆರು ಡಿಗ್ರಿ ತೋರಿಸಿತು. ಟ್ರೌಟ್ ಚೆನ್ನಾಗಿ ಮೇಯುವುದು ಸುಮಾರು ಹತ್ತರಿಂದ ಹದಿನಾರು ಡಿಗ್ರಿ ಇರುವಾಗ. ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಅದರ ಮೈಯ ವ್ಯಾಪಾರವೆಲ್ಲ ನಿಧಾನವಾಗುತ್ತದೆ. ತಿನ್ನುವುದನ್ನು ನಿಲ್ಲಿಸುವುದಿಲ್ಲ, ಆದರೆ ಯಾವುದನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಹಾಗಾಗಿ ಯಾವ ಫ್ಲೈ ಕಟ್ಟಬೇಕು ಎಂಬುದಕ್ಕಿಂತ ಅದು ಎಷ್ಟು ಆಳದಲ್ಲಿ, ಎಷ್ಟು ನಿಧಾನವಾಗಿ ಹೋಗಬೇಕು ಎಂಬುದೇ ನನಗೆ ದೊಡ್ಡ ಪ್ರಶ್ನೆ.

ಬೇಸಿಗೆಯಲ್ಲಿ ಜಲಾಶಯದ ನೀರು ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಪದರಗಟ್ಟಿ ನಿಲ್ಲುತ್ತದೆ. ಋತುವಿನ ಆರಂಭದಲ್ಲಿ ಹಾಗಿರುವುದಿಲ್ಲ. ಚಳಿಗಾಲದ ಗಾಳಿ ಎಲ್ಲವನ್ನೂ ಕಲಕಿ ಹೋಗಿರುವುದರಿಂದ ಮೇಲಿನಿಂದ ತಳದವರೆಗೆ ಉಷ್ಣತೆ ಹೆಚ್ಚುಕಡಿಮೆ ಒಂದೇ. ಅಂದರೆ ಮೀನು ಯಾವ ಮಟ್ಟದಲ್ಲಾದರೂ ಇರಬಹುದು. ಆಳ ಕೈಗೆಟುಕುವಷ್ಟು ಹತ್ತಿರ ಇರುವ ಜಾಗ ಬೇಕು. ದಡದ ಇಳಿಜಾರನ್ನು ನೋಡಿದರೆ ಸಾಕು, ನೀರಿನ ಮೇಲೆ ಕಡಿದಾಗಿದ್ದರೆ ಸಾಮಾನ್ಯವಾಗಿ ಕೆಳಗೂ ಕಡಿದಾಗಿಯೇ ಇರುತ್ತದೆ. ಮುಳುಗಿದ ಹಳೆಯ ಹೊಳೆಯ ಪಾತ್ರ ದಡಕ್ಕೆ ಒತ್ತಿಕೊಂಡು ಹೋಗುವ ಒಂದು ಚಾಚನ್ನು ಆರಿಸಿಕೊಂಡೆ.

ನೀರಿಗಿಳಿಯಲಿಲ್ಲ. ಬಂದ ತಕ್ಷಣ ಸೊಂಟದವರೆಗೆ ಇಳಿದು ನಿಲ್ಲುವವರನ್ನು ಕಂಡರೆ ನನಗೆ ಕನಿಕರ. ಸಾಕಣೆ ತೊಟ್ಟಿಯಿಂದ ತಂದು ಹೊಸದಾಗಿ ಬಿಟ್ಟ ಮೀನುಗಳು ಗುಂಪುಗುಂಪಾಗಿ ದಡದ ಅಂಚಿನಲ್ಲೇ ಸುತ್ತುತ್ತಿರುತ್ತವೆ, ಇವರು ಅವುಗಳನ್ನು ಕಾಲಿನಿಂದಲೇ ಓಡಿಸಿಬಿಡುತ್ತಾರೆ. ನನ್ನ ಮೊದಲ ಎಸೆತಗಳು ಯಾವಾಗಲೂ ದಡಕ್ಕೆ ಸಮಾನಾಂತರ.

ಹತ್ತು ಅಡಿಯ ಗಾಳದ ಕೋಲು, ಏಳನೆಯ ತೂಕದ ದಾರ (ಸಂಖ್ಯೆ ಏರಿದಷ್ಟೂ ದಾರ ಭಾರ). ದಾರ ಇಂಟರ್‌ಮೀಡಿಯೆಟ್, ಸೆಕೆಂಡಿಗೆ ಮೂರು ನಾಲ್ಕು ಸೆಂಟಿಮೀಟರ್ ಇಳಿಯುವಂಥದ್ದು. ಲೀಡರಿಗೆ, ಅಂದರೆ ದಾರಕ್ಕೂ ಫ್ಲೈಗೂ ನಡುವಿನ ತೆಳು ಎಳೆಗೆ, ಫ್ಲೋರೋಕಾರ್ಬನ್, ಏಕೆಂದರೆ ಅದು ನೈಲಾನ್‌ಗಿಂತ ಸಾಂದ್ರ, ತಾನಾಗಿ ಮುಳುಗುತ್ತದೆ. ತುದಿಗೆ ಹಸಿರು ಬಾಲದ, ತುಸು ಭಾರ ಸುತ್ತಿದ ಕಪ್ಪು ಲ್ಯೂರ್, ಅಂದರೆ ದೊಡ್ಡ ಫ್ಲೈ. ಅದಕ್ಕಿಂತ ಎರಡು ಮೀಟರ್ ಮೇಲೆ ಒಂದು ಕಪ್ಪು ಬಜ್ಜರ್, ನೊಣದ ಪ್ಯೂಪಾವನ್ನು (ಮರಿ ನೊಣವಾಗುವ ಮುಂಚಿನ ಹಂತ) ಹೋಲುವ ಸಣ್ಣ ಫ್ಲೈ. ಕಲಕಿದ ನೀರಿನಲ್ಲಿ ಕಪ್ಪಿನ ಅಂಚು ಎದ್ದು ಕಾಣುತ್ತದೆ, ಬಣ್ಣದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದು ಅಷ್ಟಕ್ಕೇ. ಎಷ್ಟು ಫ್ಲೈ ಕಟ್ಟಬಹುದು, ಮುಳ್ಳಿಲ್ಲದ ಕೊಕ್ಕೆಯೇ ಆಗಬೇಕೆ ಎಂಬುದು ಒಂದೊಂದು ಜಲಾಶಯದಲ್ಲಿ ಒಂದೊಂದು ಬಗೆ. ಫಲಕವನ್ನು ಓದಿಕೊಂಡೇ ಕಟ್ಟುವುದು.

ಇನ್ನು ಎಣಿಕೆ. ದಾರ ನೀರಿಗೆ ಬಿದ್ದು ನೇರವಾದ ಕೂಡಲೇ ಎಣಿಸಲು ತೊಡಗಿದೆ. ಮೊದಲು ಹತ್ತಕ್ಕೆ ಎಳೆದೆ, ಏನೂ ಇಲ್ಲ. ಹದಿನೈದಕ್ಕೂ ಇಲ್ಲ. ಹೀಗೆ ಐದೈದು ಏರಿಸುತ್ತಾ ಮೂವತ್ತೈದಕ್ಕೆ ಬಂದಾಗ ಲ್ಯೂರಿನ ಕೊಕ್ಕೆಗೆ ಹಸಿರು ಪಾಚಿಯ ಎಳೆ ಸಿಕ್ಕಿ ಬಂತು. ತಳ ಗೊತ್ತಾಯಿತು. ಅಲ್ಲಿಂದ ಮೂವತ್ತಕ್ಕೆ ಇಳಿಸಿ, ಫ್ಲೈಗಳು ಗಿಡಗಳ ನೆತ್ತಿ ಸವರಿಕೊಂಡು ಹೋಗುವಂತೆ ಎಳೆಯತೊಡಗಿದೆ.

ಎಳೆಯುವುದು ಎಂದರೆ ಎಂಟರ ಆಕಾರದಲ್ಲಿ ಅಂಗೈಗೆ ಸುತ್ತಿಕೊಳ್ಳುವುದು. ಹೆಬ್ಬೆರಳು, ತೋರುಬೆರಳಿನ ನಡುವೆ ದಾರವನ್ನು ಹಿಡಿದು ಮಣಿಕಟ್ಟನ್ನು ತಿರುಗಿಸಿದರೆ ಉಳಿದ ಬೆರಳುಗಳು ಆ ಸುರುಳಿಯನ್ನು ಅಂಗೈಯೊಳಗೆ ಒತ್ತಿ ಇಟ್ಟುಕೊಳ್ಳುತ್ತವೆ. ಮತ್ತೆ ಹೆಬ್ಬೆರಳು ಮುಂದೆ ಹೋಗಿ ಹಿಡಿಯುತ್ತದೆ. ಒಂದು ಸುತ್ತಿಗೆ ಹತ್ತು ಸೆಂಟಿಮೀಟರ್ ಆಸುಪಾಸು. ಸುತ್ತಿಗೊಂದು ನಿಧಾನದ ಉಸಿರು. ಬೆರಳು ಮರಗಟ್ಟಿದಷ್ಟೂ ಕೈ ಬೇಗ ಬೇಗ ಎಳೆಯಲು ಹವಣಿಸುತ್ತದೆ, ಅದಕ್ಕೇ ಬೆರಳ ತುದಿ ಇಲ್ಲದ ಕೈಗವಸು ನನ್ನ ಮಟ್ಟಿಗೆ ಕೋಲಿನಷ್ಟೇ ಮುಖ್ಯ ಸಲಕರಣೆ.

ತಣ್ಣೀರಿನ ಟ್ರೌಟ್ ಹಿಡಿಯುವಾಗ ಜಗ್ಗುವುದಿಲ್ಲ. ಒದ್ದೆ ಬಟ್ಟೆ ತೊಡರಿಕೊಂಡಂತೆ ದಾರ ಸುಮ್ಮನೆ ಭಾರವಾಗುತ್ತದೆ, ಅಷ್ಟೇ. ಆಗ ಕೋಲನ್ನು ಎತ್ತಿದರೆ ಕೊಕ್ಕೆ ಬಾಯಿಂದ ಜಾರುತ್ತದೆ. ಕೋಲಿನ ತುದಿಯನ್ನು ನೀರಿಗೆ ತಾಗುವಂತೆ ಇಟ್ಟು ಎಡಗೈಯ ಎಳೆತವನ್ನೇ ಮುಂದುವರಿಸಿದೆ. ಭಾರ ಗಟ್ಟಿಯಾಯಿತು, ತಲೆ ಕೊಡವಿತು, ಆಮೇಲೆ ರೀಲ್ ಕಿರುಚಿತು. ಬಲೆಗೆ ಬಂದದ್ದು ರೇನ್‌ಬೋ ಟ್ರೌಟ್, ಬಾಲದ ಅಂಚು ಚೂಪಾಗಿ, ಈಜುರೆಕ್ಕೆಗಳು ತುಂಬಿಕೊಂಡು ಇದ್ದವು. ತೊಟ್ಟಿಯಿಂದ ಮೊನ್ನೆ ಬಿಟ್ಟ ಮೀನಾಗಿದ್ದರೆ ಅವು ಸವೆದು ಮೊಂಡಾಗಿರುತ್ತಿದ್ದವು. ಇದು ಚಳಿಗಾಲವನ್ನು ಅಲ್ಲೇ ಕಳೆದ ಮೀನು.

ರೇನ್‌ಬೋ ಮೂಲತಃ ಪೆಸಿಫಿಕ್ ಸಾಗರಕ್ಕೆ ಹರಿಯುವ ನದಿಗಳದ್ದು, ಯುರೋಪಿನದ್ದು ಬ್ರೌನ್ ಟ್ರೌಟ್. ಇಂಗ್ಲೆಂಡಿನಲ್ಲಿ ಬ್ಲಾಗ್ಡನ್ ಜಲಾಶಯ 1904ರಲ್ಲಿ, ಗ್ರಾಫಮ್ 1966ರಲ್ಲಿ ಗಾಳಗಾರರಿಗೆ ತೆರೆದವು. ಜಲಾಶಯದ ಫ್ಲೈ ಮೀನುಗಾರಿಕೆ ಈಗಿನ ರೂಪಕ್ಕೆ ಬಂದದ್ದು ಬಹುಮಟ್ಟಿಗೆ ಅಂಥ ನೀರುಗಳಲ್ಲೇ.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಬಂದು, “ಯಾವ ಫ್ಲೈ ಸಾರ್?” ಎಂದು ಕೇಳಿದರು. ಪೆಟ್ಟಿಗೆಯಿಂದ ಅದೇ ಲ್ಯೂರ್ ತೆಗೆದು ಕೊಟ್ಟೆ. ಒಂದು ಗಂಟೆ ಕಳೆದರೂ ಅವರಿಗೆ ಏನೂ ಸಿಗಲಿಲ್ಲ. ಅವರದು ತೇಲುವ ದಾರ, ಗಿಡ್ಡ ಲೀಡರ್, ಬಿದ್ದ ಕೂಡಲೇ ಸರಸರನೆ ಎಳೆತ. ಫ್ಲೈ ಒಂದು ಮೀಟರ್ ಕೆಳಗೂ ಹೋಗುತ್ತಿರಲಿಲ್ಲ. “ಲೀಡರನ್ನು ಕೋಲಿನ ಒಂದೂವರೆ ಪಟ್ಟು ಉದ್ದ ಮಾಡಿ, ಬಿದ್ದ ಮೇಲೆ ಕೈಯನ್ನು ಜೇಬಿಗೆ ಹಾಕಿಕೊಂಡು ನಿಂತುಬಿಡಿ” ಎಂದೆ. ನಕ್ಕರು, ಆದರೆ ಹಾಗೇ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಅವರ ಕೋಲೂ ಬಾಗಿತ್ತು.

ಇಟ್ಟುಕೊಂಡ ಮೀನನ್ನು ಕೊಂದ ಮೇಲೆ ಉದ್ದನೆಯ ಚಮಚವನ್ನು ಗಂಟಲಿನಿಂದ ಹೊಟ್ಟೆಗೆ ಇಳಿಸಿ, ತಿರುಗಿಸಿ, ಹೊರತೆಗೆದದ್ದನ್ನು ಬಿಳಿ ಬಟ್ಟಲಿನ ನೀರಿಗೆ ಹಾಕಿದೆ. ಕೆಂಪು ಹುಳುಗಳು ಕಲಸಿದ ಮುದ್ದೆಯಾಗಿದ್ದವು. ಬಜ್ಜರ್ ಎಂದು ನಾವು ಕರೆಯುವ ಕಚ್ಚದ ನೊಣದ ಮರಿಗಳು ಇವೇ. ಆಮ್ಲಜನಕ ಕಡಿಮೆಯಿರುವ ತಳದ ಕೆಸರಿನಲ್ಲಿ ಬದುಕುವ ಇವುಗಳಿಗೆ ಹಿಮೋಗ್ಲೋಬಿನ್‌ನಿಂದಲೇ ಆ ಕೆಂಪು. ಮುದ್ದೆಯ ಮೇಲೆ ಬಿಡಿಬಿಡಿಯಾಗಿ ಕಪ್ಪು ಪ್ಯೂಪಾಗಳು, ತಲೆಯ ಬಳಿ ಬಿಳಿಯ ಉಸಿರಾಟದ ಕುಚ್ಚು. ಒಂದೆರಡು ಇನ್ನೂ ಮಿಸುಕುತ್ತಿದ್ದವು. ಅಂದರೆ ಈಗಷ್ಟೇ ತಿಂದದ್ದು, ಪ್ಯೂಪಾಗಳು ತಳ ಬಿಟ್ಟು ಮೇಲೇರಲು ಶುರುಮಾಡಿವೆ.

ಬಿಸಿಲು ಬಿದ್ದ ಕಡೆ ಈ ಏರಿಕೆ ಹೆಚ್ಚು ಎಂದು ಎಡಗಡೆಯ ಆಳವಿಲ್ಲದ ಕೊಲ್ಲಿಗೆ ನಡೆದೆ. ಅಲ್ಲಿ ನೀರು ಎಂಟು ಡಿಗ್ರಿ. ದಾರ ಬದಲಿಸಿದೆ: ತೇಲುವ ದಾರ, ಉದ್ದನೆಯ ಲೀಡರ್, ಮೂರು ಬಜ್ಜರ್, ತುದಿಯದು ಭಾರ. ಗಾಳಿಗೆ ಅಡ್ಡಲಾಗಿ ಎಸೆದು ಎಳೆಯದೆ ಬಿಟ್ಟೆ. ಗಾಳಿ ದಾರವನ್ನು ಬಿಲ್ಲಿನಂತೆ ಬಾಗಿಸಿ ಫ್ಲೈಗಳನ್ನು ತಾನೇ ಹೊತ್ತುಕೊಂಡು ಹೋಗುತ್ತದೆ, ನಾನು ಸಡಿಲವಾದದ್ದನ್ನಷ್ಟೇ ಸುತ್ತಿಕೊಳ್ಳಬೇಕು. ಬಾಗು ಇದ್ದಕ್ಕಿದ್ದಂತೆ ನೇರವಾದರೆ ಅಲ್ಲಿ ಮೀನಿದೆ.

ಕೊಲ್ಲಿಯ ಮೀನುಗಳನ್ನೆಲ್ಲ ಬಿಟ್ಟುಬಿಟ್ಟೆ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಇರುವುದರಿಂದ ಈ ಋತುವಿನಲ್ಲಿ ಬಿಟ್ಟ ಮೀನು ಬೇಗ ಚೇತರಿಸಿಕೊಳ್ಳುತ್ತದೆ. ಆದರೂ ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸುತ್ತೇನೆ. ಬಿಡುವ ಉದ್ದೇಶವಿದ್ದಾಗ ಬೂಬಿಯನ್ನು ಕಟ್ಟುವುದಿಲ್ಲ. ತೇಲುವ ಫೋಮ್ ಕಣ್ಣುಗಳ ಆ ಫ್ಲೈಯನ್ನು ಮುಳುಗುವ ದಾರದಲ್ಲಿ ಅಲುಗಾಡದಂತೆ ಬಿಟ್ಟರೆ ತಣ್ಣೀರಿನಲ್ಲಿ ಅದರಷ್ಟು ಮೀನು ಹಿಡಿಯುವುದು ಬೇರೊಂದಿಲ್ಲ, ನಿಜ. ಆದರೆ ಮೀನು ಅದನ್ನು ಗಂಟಲವರೆಗೆ ನುಂಗಿಬಿಡುತ್ತದೆ.

ಸಂಜೆಗೆ ಮುಂಚೆ ಗಾಳಿ ತಿರುಗಿ ಕೊಲ್ಲಿಯ ಬಾಯಿಗೆ ನೇರವಾಗಿ ಬೀಸತೊಡಗಿತು, ಕಚ್ಚುವುದು ನಿಂತಿತು. ಸಾಮಾನು ಕಟ್ಟುವಾಗ ಆ ಹಿರಿಯರು ಬಂದು ಮುಳುಗುವ ದಾರಗಳಲ್ಲಿ ಯಾವ ಯಾವುದು ಬೇಕು ಎಂದು ಕೇಳಿದರು. ಮೊದಲು ಇಂಟರ್‌ಮೀಡಿಯೆಟ್ ಒಂದೇ ಸಾಕು, ಅಣೆಕಟ್ಟಿನ ಗೋಡೆಯ ಬಳಿ ನಿಲ್ಲುವ ಆಸೆಯಿದ್ದರೆ ಸೆಕೆಂಡಿಗೆ ಏಳೆಂಟು ಸೆಂಟಿಮೀಟರ್ ಇಳಿಯುವುದನ್ನು ಇನ್ನೊಂದು ಕೊಳ್ಳಿ ಎಂದೆ.