ಖಾಲಿ ಪಿಕಪ್ ಎತ್ತಿ ಹಾಕುತ್ತಿದೆಯೇ? ಕಮಾನ್ ಪ್ಲೇಟ್ ಕಳಚುವ ಮುಂಚೆ ಇಷ್ಟು ಮಾಡಿ

ಬೊಲೆರೊ ಪಿಕಪ್, ಯೋಧ, ದೋಸ್ತ್ ಯಾವುದೇ ಇರಲಿ, ಟನ್ನುಗಟ್ಟಲೆ ಹೊರುವ ಗಾಡಿ ಖಾಲಿಯಿದ್ದಾಗ ಕುಕ್ಕುತ್ತದೆ. ಹಿಂದಿನ ಕಮಾನನ್ನು (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್) ಪೂರ್ತಿ ಲೋಡಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಖಾಲಿ ಗಾಡಿಯ ಭಾರಕ್ಕೆ ಅದು 5 ಸೆಂ.ಮೀ. ಮಾತ್ರ ಬಗ್ಗಿದ್ದರೆ ಹಿಂಭಾಗ ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು ಕುಣಿಯುತ್ತದೆ. ಲೋಡ್ ಬಿದ್ದು 15 ಸೆಂ.ಮೀ. ಬಗ್ಗಿದಾಗ ಆ ಕುಣಿತ 1.3ಕ್ಕೆ ಇಳಿಯುತ್ತದೆ. ಲೋಡ್ ಗಾಡಿ ಮೆತ್ತಗೆ ಹೋಗುವುದು ಇದಕ್ಕೇ. ಇಷ್ಟನ್ನು ಸಹಿಸಲೇಬೇಕು. ಆದರೆ ನಾಲ್ಕೈದು ವರ್ಷ ಓಡಿದ ಗಾಡಿಯಲ್ಲಿ ಇದರ ಮೇಲೆ ಇನ್ನೂ ಮೂರು ಸೇರಿಕೊಂಡಿರುತ್ತವೆ: ಮಿತಿಮೀರಿದ ಗಾಳಿ, ತುಕ್ಕು ಹಿಡಿದ ಪ್ಲೇಟು, ಜಾಮ್ ಆದ ಶ್ಯಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ). ಇವನ್ನು ಸರಿಮಾಡಿದರೆ ಗಾಡಿಯ ತಾಕತ್ತು ಒಂದು ಕೆಜಿಯೂ ಕಡಿಮೆಯಾಗುವುದಿಲ್ಲ. ಪ್ಲೇಟ್ ತೆಗೆಸುವ ಯೋಚನೆ ಕೊನೆಗಿರಲಿ.

ಮೊದಲು ತೊಂದರೆ ಎಲ್ಲಿದೆ ಎಂದು ಗುರುತಿಸಿ. ಸಣ್ಣ ಸಣ್ಣ ಗುಂಡಿಗೂ ಕಟಕಟ ಎಂದು ನೇರ ಬೆನ್ನಿಗೆ ಬಡಿದರೆ ಕಮಾನ್ ಅಲ್ಲಾಡುತ್ತಲೇ ಇಲ್ಲ ಎಂದರ್ಥ. ಗಾಳಿ ಹೆಚ್ಚಿರಬಹುದು, ಪ್ಲೇಟುಗಳು ಕಚ್ಚಿಕೊಂಡಿರಬಹುದು. ಹಂಪ್ ದಾಟಿದ ಮೇಲೂ ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ. ಧಡ್ ಎಂದು ಒಂದೇ ಏಟು ಬಿದ್ದರೆ ಕಮಾನಿನ ತುದಿಯ ಪಿನ್ ಸುತ್ತಲಿನ ಬುಷ್ ಸವೆದಿದೆ, ಇಲ್ಲವೇ ಆಕ್ಸಲ್ ಮೇಲೆದ್ದು ಅದನ್ನು ತಡೆಯುವ ರಬ್ಬರಿಗೆ, ಅಂದರೆ ಬಂಪ್ ಸ್ಟಾಪರ್‌ಗೆ ಬಡಿಯುತ್ತಿದೆ. ಸ್ಟಾಪರ್ ರಬ್ಬರಿನ ತುದಿಗೆ ಸೀಮೆಸುಣ್ಣ ಉಜ್ಜಿ ಒಂದು ಟ್ರಿಪ್ ಓಡಿಸಿ. ಸುಣ್ಣ ಅಳಿಸಿ ಆಕ್ಸಲ್ ಮೇಲೆ ಗುರುತು ಬಿದ್ದಿದ್ದರೆ ಅದೇ ಕಾರಣ.

ಗಾಳಿ

ಖರ್ಚಿಲ್ಲದೆ ಹೆಚ್ಚು ಫಲ ಕೊಡುವುದು ಇದೇ. ಲೋಡಿಗೆಂದು 65 ಪಿಎಸ್‌ಐ ಹೊಡೆಸಿದ ಟೈರು ಖಾಲಿ ಗಾಡಿಗೆ ಕಲ್ಲಿನಂತೆ. ವೇಬ್ರಿಡ್ಜ್‌ನಲ್ಲಿ ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ಖಾಲಿ ಗಾಡಿಯ ಹಿಂಭಾಗವನ್ನು ತೂಗಿಸಿ, ಎರಡರಿಂದ ಭಾಗಿಸಿ. ಟೈರಿನ ಪಕ್ಕದಲ್ಲಿ ಗರಿಷ್ಠ ಭಾರ ಮತ್ತು ಅದಕ್ಕೆ ಬೇಕಾದ ಗಾಳಿ ಅಚ್ಚಾಗಿರುತ್ತದೆ. ನೀವು ತೂಗಿದ ಭಾರ ಆ ಗರಿಷ್ಠದ ಎಷ್ಟು ಪಾಲೋ ಗಾಳಿಯೂ ಅಷ್ಟೇ ಪಾಲು ಇದ್ದರೆ ಸಾಕು. ಲೆಕ್ಕದಲ್ಲಿ 25 ಬಂದರೂ 35ಕ್ಕಿಂತ ಕೆಳಗೆ ಇಳಿಸಬೇಡಿ. ಕಂಪನಿಯ ಪುಸ್ತಕದಲ್ಲಿ ಖಾಲಿ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಅಳೆಯಬೇಕು. ಒಂದು ಗಂಟೆ ಓಡಿಸಿ ಮತ್ತೆ ನೋಡಿ: 6 ಪಿಎಸ್‌ಐಗಿಂತ ಹೆಚ್ಚು ಏರಿದ್ದರೆ ಟೈರ್ ಅತಿಯಾಗಿ ಬಗ್ಗಿ ಕಾಯುತ್ತಿದೆ, ಗಾಳಿ ಸಾಲದು ಎಂದು ತಿಳಿಯಿರಿ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಮುಖ್ಯವಾಗಿ, ಲೋಡ್ ಹೇರುವ ಮುಂಚೆ ಪೂರ್ತಿ ಗಾಳಿ ತುಂಬಿಸಲೇಬೇಕು. ರಾತ್ರಿ ಎರಡು ಗಂಟೆಗೆ ತೋಟದಲ್ಲಿ ಟೊಮೆಟೊ ಕ್ರೇಟ್ ತುಂಬಿಕೊಂಡು ಎಪಿಎಂಸಿಗೆ ಓಡುವ ಗಾಡಿಗೆ ಹತ್ತಿರದಲ್ಲಿ ಕಂಪ್ರೆಸರ್ ಇಲ್ಲದಿದ್ದರೆ ಗಾಳಿ ಇಳಿಸುವ ಯೋಚನೆಯನ್ನೇ ಬಿಡಿ. ಕಡಿಮೆ ಗಾಳಿಯಲ್ಲಿ ಲೋಡ್ ಎಳೆದ ಟೈರಿನ ಪಕ್ಕ ಒಡೆಯುತ್ತದೆ, ಆ ಹೊತ್ತಿಗೆ ಗಾಡಿ ಯಾವ ವೇಗದಲ್ಲಿರುತ್ತದೋ ಹೇಳಲಾಗದು.

ಕಮಾನ್ ಕಚ್ಚಿಕೊಂಡಿದೆಯೇ?

ಇದನ್ನು ಟೇಪಿನಲ್ಲೇ ಅಳೆಯಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಚಾಸಿಗೆ ಜಾಕ್ ಕೊಟ್ಟು ಹಿಂಭಾಗವನ್ನು ಸ್ವಲ್ಪ ಎತ್ತಿ, ನಿಧಾನವಾಗಿ ಇಳಿಸಿ, ಜಾಕ್ ತೆಗೆದು, ಚಕ್ರದ ನಡುವಿನಿಂದ ಬಾಡಿಯ ಅಂಚಿಗೆ ಎಷ್ಟಿದೆ ನೋಡಿ. ಆಮೇಲೆ ಇಬ್ಬರು ಹಿಂದಿನ ಬಂಪರ್ ಮೇಲೆ ನಿಂತು ಮೆಲ್ಲಗೆ ಇಳಿಯಲಿ, ಮತ್ತೆ ಅಳೆಯಿರಿ. ಎರಡು ಅಳತೆಗೂ 1 ಸೆಂ.ಮೀ. ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. 2 ಸೆಂ.ಮೀ. ದಾಟಿದರೆ ಕಮಾನ್ ಬಿಟ್ಟ ಕಡೆಯೇ ನಿಂತುಬಿಡುತ್ತಿದೆ.

ಬಿಚ್ಚುವ ಮುಂಚೆ ಶ್ಯಾಕಲ್ ನೋಡಿ. ಕಮಾನ್ ಬಗ್ಗಿದಾಗ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದು ಶ್ಯಾಕಲ್. ಅದು ಜಾಮ್ ಆದರೆ ಕಮಾನ್ ಎರಡೂ ತುದಿಯಲ್ಲಿ ಬಿಗಿದ ಕಬ್ಬಿಣದ ಪಟ್ಟಿಯಷ್ಟೇ. ಶ್ಯಾಕಲ್ ಹಿಂದಿನ ತುದಿಯಲ್ಲಿದ್ದರೆ, ಖಾಲಿ ಗಾಡಿಯಲ್ಲಿ ಅದರ ಕೆಳಗಿನ ಪಿನ್ ಮೇಲಿನದಕ್ಕಿಂತ ತುಸು ಹಿಂದಕ್ಕಿರಬೇಕು. ನೆಟ್ಟಗೆ ನಿಂತಿದ್ದರೆ ಅಥವಾ ಮುಂದಕ್ಕೆ ವಾಲಿದ್ದರೆ ಯಾರೋ ಹೆಚ್ಚುವರಿ ಪ್ಲೇಟ್ ಹಾಕಿದ್ದಾರೆ, ಇಲ್ಲವೇ ಕಮಾನನ್ನು ಹೆಚ್ಚು ಬಾಗಿಸಿ ಹೊಡೆದಿದ್ದಾರೆ. ಗ್ರೀಸ್ ನಿಪ್ಪಲ್ ಇರುವ ಪಿನ್ನಿಗೆ ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗನ್ ಹೊಡೆಯಿರಿ. ರಬ್ಬರ್ ಬುಷ್ ಆದರೆ ಗ್ರೀಸ್ ಮುಟ್ಟಿಸಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸರ್ವಿಸ್ ಆದಮೇಲೆ ಹಳೆಯ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಕಮಾನಿಗೆಲ್ಲ ಸ್ಪ್ರೇ ಮಾಡುವ ರೂಢಿಯಿಂದ ಬುಷ್‌ಗಳು ಕೆಡುವುದೂ ಹೀಗೇ. ಬ್ರೇಕ್ ಡ್ರಮ್ಮಿನ ಕಡೆ ಹಾರಿದರೆ ಇನ್ನೂ ಕಷ್ಟ.

ಹೊಸ ರಬ್ಬರ್ ಬುಷ್ ಹಾಕಿಸಿದಾಗ ಒಂದು ಮಾತನ್ನು ಮೆಕ್ಯಾನಿಕ್‌ಗೆ ಒತ್ತಿ ಹೇಳಿ: ಬೋಲ್ಟುಗಳ ಕೊನೆಯ ಬಿಗಿತ ಗಾಡಿ ತನ್ನ ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಜಾಕ್ ಮೇಲೆ ತೂಗಾಡುವಾಗ ಬಿಗಿದರೆ, ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಳ್ಳುತ್ತದೆ. ಕಮಾನ್ ಇನ್ನಷ್ಟು ಬಿರುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ.

ಪ್ಲೇಟ್ ಬಿಚ್ಚಿ ಶುಚಿ ಮಾಡುವುದು

ಇದು ಅರ್ಧ ದಿನದ ಕೆಲಸ. ಕಮಾನ್ ಶಾಪಿನಲ್ಲಿ ಮಾಡಿಸುವುದೇ ಒಳ್ಳೆಯದು, ಆದರೆ ನಿಂತು ನೋಡಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೆ ಬೇರೆ ಜಾಕ್ ಕೊಟ್ಟು, ಶಾಕ್ ಅಬ್ಸಾರ್ಬರ್ ಕಳಚಿ, ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿ ಕಮಾನ್ ಇಳಿಸುತ್ತಾರೆ. ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ಸಡಿಲಿಸುವ ಮುಂಚೆ ಅದರ ಎರಡೂ ಬದಿಗೆ ಸಿ ಕ್ಲಾಂಪ್ ಬಿಗಿದಿರಲೇಬೇಕು. ಪ್ಲೇಟುಗಳ ಬಾಗು ಒಂದಕ್ಕೊಂದು ಬೇರೆ ಇರುವುದರಿಂದ ಒಳಗೆ ಒತ್ತಡ ಕೂತಿರುತ್ತದೆ, ಕ್ಲಾಂಪ್ ಇಲ್ಲದೆ ಬಿಚ್ಚಿದರೆ ಪ್ಲೇಟ್ ಸಿಡಿದು ಕೈ ಮುರಿಯುತ್ತದೆ.

ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸೆಂಟರ್ ತೂತಿನ ಸುತ್ತ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಿ. ಇದ್ದರೆ ಆ ಪ್ಲೇಟ್ ಬದಲಿಸಿ. ಕೆಳಗಿನ ಪ್ಲೇಟಿನ ತುದಿ ಮೇಲಿನದಕ್ಕೆ ಕೊರೆದು ಗೆರೆ ಮಾಡಿರುತ್ತದೆ. ಆ ತುದಿಯ ಚೂಪು ಅಂಚನ್ನು ಉಜ್ಜಿ ದುಂಡಗೆ ಮಾಡಿ. ತುದಿಯಲ್ಲಿ ಪ್ಲಾಸ್ಟಿಕ್ ಪ್ಯಾಡ್ ಇರುವ ಕಮಾನಾದರೆ ಹೊಸ ಪ್ಯಾಡ್ ಹಾಕಿ, ಗ್ರೀಸ್ ಬೇಡ. ಪ್ಯಾಡ್ ಇಲ್ಲದ್ದಕ್ಕೆ ಗ್ರಾಫೈಟ್ ಗ್ರೀಸನ್ನು ತೆಳುವಾಗಿ ಸವರಿ. ಎರಡೂ ಬದಿಗೆ ಅರ್ಧ ಕೆಜಿ ಧಾರಾಳ. ದಪ್ಪಗೆ ಮೆತ್ತಿದರೆ ಕೆಂಪು ಧೂಳು ಕೂತು ಅರೆಯುವ ಪೇಸ್ಟ್ ಆಗುತ್ತದೆ. ಯಾವ ಕಾರಣಕ್ಕೂ ಪ್ಲೇಟಿಗೆ ಗ್ಯಾಸ್ ಕಟ್ಟರಿನ ಬೆಂಕಿ ತೋರಿಸಲು, ವೆಲ್ಡಿಂಗ್ ಮಾಡಲು ಬಿಡಬೇಡಿ. ಹದ ಕೆಟ್ಟ ಪ್ಲೇಟ್ ಅಲ್ಲೇ ಮುರಿಯುತ್ತದೆ.

ಹಳೆಯ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಹೊಸದನ್ನೇ ಹಾಕಿ. ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕದ ಟಾರ್ಕ್‌ನಷ್ಟು ನಾಲ್ಕೂ ನಟ್ಟನ್ನು ಅಡ್ಡಡ್ಡವಾಗಿ ಬಿಗಿದು, 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500 ಕಿ.ಮೀ. ಆದಮೇಲೆ ಇನ್ನೊಮ್ಮೆ ಬಿಗಿಸಿ. ಇಲ್ಲಿ ಸಡಿಲಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾರುತ್ತದೆ.

ಶಾಕ್ ಅಬ್ಸಾರ್ಬರ್ ಬದಲಿಸುವುದಾದರೆ ಜೊತೆಯಾಗಿ ಬದಲಿಸಿ. ಹಾಕುವ ಮುಂಚೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ, ಒಳಗಿನ ಗಾಳಿ ಹೋಗಲಿ. ಹೆವಿ ಡ್ಯೂಟಿ ಎಂದು ಮಾರುವ ಬಿರುಸಾದದ್ದು ಖಾಲಿ ಗಾಡಿಯನ್ನು ಇನ್ನಷ್ಟು ಕುಕ್ಕಿಸುತ್ತದೆ, ಕಂಪನಿಯದ್ದೇ ಸಾಕು.

ಪ್ಲೇಟ್ ತೆಗೆಯುವ ವಿಚಾರ

ಲೋಡ್ ಬಿದ್ದಾಗ ಆಸರೆ ಕೊಡುವ ಕೆಳಗಿನ ದಪ್ಪ ಹೆಲ್ಪರ್ ಪ್ಲೇಟ್ ತೆಗೆದುಬಿಡಿ ಎನ್ನುವವರು ಬಹಳ. ಖಾಲಿ ಗಾಡಿಯಲ್ಲಿ ಹೆಲ್ಪರ್ ತುದಿಗೂ ಮೇಲಿನ ಪ್ಲೇಟಿಗೂ ನಡುವೆ ಸಂದು ಕಾಣುತ್ತಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ. ತೆಗೆದರೂ ಖಾಲಿ ಓಟ ಮೆತ್ತಗಾಗದು, ಲೋಡ್ ಹೊರುವಾಗ ಮಾತ್ರ ಕಮಾನ್ ಕುಸಿಯುತ್ತದೆ. ಒಂದೇ ದಪ್ಪದ ಐದು ಪ್ಲೇಟಿನಲ್ಲಿ ಒಂದು ತೆಗೆದರೆ ಬಿರುಸು ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಇಳಿಯುತ್ತದೆ, ನಿಜ. ಆದರೆ ಉಳಿದ ನಾಲ್ಕರ ಮೇಲೆ ಅಷ್ಟೂ ಭಾರ ಬೀಳುತ್ತದೆ, ಗಾಡಿಯ ಹಿಂಭಾಗ ತಗ್ಗುತ್ತದೆ. ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ (ಗಾಡಿ ಎಷ್ಟು ತಗ್ಗಿದೆ ಎಂದು ನೋಡಿ ಬ್ರೇಕಿನ ಬಲ ಹೊಂದಿಸುವುದು) ಇದ್ದರೆ ಅದು ಗಾಡಿ ತುಂಬಿದೆ ಎಂದೇ ತಿಳಿದು, ಖಾಲಿ ಗಾಡಿಯ ಹಿಂದಿನ ಚಕ್ರಗಳನ್ನು ಮಳೆಯಲ್ಲಿ ಲಾಕ್ ಮಾಡುತ್ತದೆ. ತಯಾರಕರು ಕೊಟ್ಟ ರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನ ಕಡಿವಾಣವೂ ಇದೆ. ಬಾಡಿಗೆ ಲೋಡ್ ಹೊಡೆಯುವ ಗಾಡಿಗೆ ಇದು ಬೇಡವೇ ಬೇಡ.

ಇಷ್ಟೆಲ್ಲ ಆದಮೇಲೂ ಖಾಲಿ ಓಟ ಹೆಚ್ಚಿದ್ದರೆ 50 ಕೆಜಿಯ ಎರಡು ಮೂರು ಮರಳಿನ ಚೀಲ ಇಟ್ಟುಕೊಳ್ಳಿ. ಜಾಗ ಹಿಂದಿನ ಆಕ್ಸಲ್‌ನ ನೇರ ಮೇಲೆ ಅಥವಾ ತುಸು ಮುಂದೆ. ಹಿಂದಿನ ಡೋರಿನ ಬಳಿ ಇಟ್ಟರೆ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ತೇಲುತ್ತದೆ. ಕೊಕ್ಕೆಗೆ ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ, ಲೋಡ್ ಹೇರುವಾಗ ಮರೆಯದೆ ಇಳಿಸಿ.